ಅಪ್‌ಡೇಟ್: ಕ್ಯಾಲಿಫೋರ್ನಿಯಾದ ಗೋದಾಮಿನ ಒಳಬಿಸಿ ಮತ್ತು ಮಾಲೀಕರ ಹೊಣೆ

ತಗಡಿನ ಛಾವಣಿಯ ನಮ್ಮ ಗೋದಾಮು ಬೇಸಿಗೆಯಲ್ಲಿ ಕಾದ ಕಾವಲಿಯಂತಾಗುವುದರಿಂದ, ಕ್ಯಾಲಿಫೋರ್ನಿಯಾದ ನಿಯಮಗಳ ಪ್ರಕಾರ ಮಾಲೀಕರು ಏನೇನು ಮಾಡಬೇಕೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಕೈಹಿಡಿದದ್ದು, ಕ್ಯಾಲ್ ಓಶಾದ (ಕ್ಯಾಲಿಫೋರ್ನಿಯಾದ ಕಾರ್ಮಿಕ ಸುರಕ್ಷತಾ ಇಲಾಖೆ) ಉಚಿತ ಸಲಹಾ ವಿಭಾಗದವರನ್ನು ಕರೆಸಿ ಎಂಬ ಸಲಹೆ. ಇವರು ತಪಾಸಣಾ ವಿಭಾಗದಿಂದ ಪ್ರತ್ಯೇಕ; ದಂಡ ವಿಧಿಸುವುದಿಲ್ಲ, ಆದರೆ ಗಂಭೀರ ಅಪಾಯ ಕಂಡುಬಂದರೆ ಗೊತ್ತುಪಡಿಸಿದ ಅವಧಿಯೊಳಗೆ ನಾವು ಅದನ್ನು ಸರಿಪಡಿಸಲೇಬೇಕು.

ದೊಡ್ಡ ಫ್ಯಾನ್ ಹಾಕಿಸಿದರೆ ಸಾಕೆಂಬ ಸಲಹೆ ಮಾತ್ರ ಫಲಿಸಲಿಲ್ಲ. 2024ರ ಜುಲೈ 23ರಿಂದ ಜಾರಿಯಲ್ಲಿರುವ ಒಳಾಂಗಣ ಬಿಸಿಯ ನಿಯಮದಂತೆ, ತಾಪಮಾನ 82 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದಕ್ಕಿಂತ ತಂಪಾದ ವಿಶ್ರಾಂತಿ ಸ್ಥಳವನ್ನೂ ಉಚಿತವಾಗಿ ತಣ್ಣನೆಯ ಕುಡಿಯುವ ನೀರನ್ನೂ ಒದಗಿಸಬೇಕು. ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತದೆಯೇ ಹೊರತು ಥರ್ಮಾಮೀಟರಿನ ಅಂಕಿಯನ್ನು ಇಳಿಸುವುದಿಲ್ಲ. ಕೊನೆಗೆ ಸಾಮಾನು ತುಂಬಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿ ಎಸಿ ಹಾಕಿಸಿದೆವು. 87 ಡಿಗ್ರಿ ಮುಟ್ಟಿದರೆ ತಾಪಮಾನವನ್ನು ಅಳೆದು ದಾಖಲಿಸುವ ಕೆಲಸವೂ ಸೇರಿಕೊಳ್ಳುತ್ತದೆ. ಅದನ್ನೂ ಕಚೇರಿಯ ತಂಪಿನಲ್ಲಲ್ಲ, ಕೆಲಸಗಾರರು ನಿಲ್ಲುವ ಜಾಗದಲ್ಲಿ, ಬಿಸಿ ಅತಿ ಹೆಚ್ಚಿರುವ ಹೊತ್ತಿನಲ್ಲೇ ಅಳೆಯಬೇಕು.

ಬಿಸಿಯ ಅಪಾಯ ತಡೆಯಲು ನಿಯಮ ಕೇಳುವ ಲಿಖಿತ ಯೋಜನೆಗೆ ಸಿದ್ಧ ನಮೂನೆ ಬಳಸಿ ಎಂಬ ಸಲಹೆಯೂ ಅರ್ಧಕ್ಕೆ ನಿಂತಿತು, ಏಕೆಂದರೆ ಆ ಯೋಜನೆ ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ನಮ್ಮಲ್ಲಿ ಅದು ಸ್ಪ್ಯಾನಿಷ್.

ನನಗೆ ಅಚ್ಚರಿ ತಂದದ್ದು ಇನ್ನೊಂದು: ಹೆಚ್ಚು ಬಿಸಿಯಿರುವ ಜಾಗಕ್ಕೆ ಹೊಸದಾಗಿ ಬಂದವರ ಮೇಲೆ ಮೊದಲ 14 ದಿನ ಮೇಲ್ವಿಚಾರಕರು ವಿಶೇಷ ನಿಗಾ ಇಡಬೇಕು.