ಬಲ ಅಂಡಾಶಯದಲ್ಲಿ 4.8 ಸೆಂ.ಮೀ. ಹೆಮರೇಜಿಕ್ ಸಿಸ್ಟ್: ಕಾಯಬಹುದಾ, ಆಪರೇಷನ್ ಬೇಕಾ?

ಮಲ್ಲಿಗೆಬಳ್ಳಿ:
ತಂಗಿಗೆ 27 ವರ್ಷ, ಮದುವೆಯಾಗಿದೆ, ಇನ್ನೂ ಮಕ್ಕಳಾಗಿಲ್ಲ. ಮುಟ್ಟಾದ 22ನೇ ದಿನ ಬಲ ಕಿಬ್ಬೊಟ್ಟೆಯಲ್ಲಿ ಜೋರು ನೋವು, ವಾಂತಿ ಇಲ್ಲ. ಸ್ಕ್ಯಾನ್ ರಿಪೋರ್ಟಿನಲ್ಲಿ ಇರೋದು: "ರೈಟ್ ಓವರಿ, 48 x 42 ಮಿ.ಮೀ. ಹೆಮರೇಜಿಕ್ ಸಿಸ್ಟ್, ರೆಟಿಕ್ಯುಲರ್ ಎಕೋಸ್, ನೋ ಇಂಟರ್ನಲ್ ವ್ಯಾಸ್ಕ್ಯುಲಾರಿಟಿ, ಮಿನಿಮಲ್ ಫ್ರೀ ಫ್ಲೂಯಿಡ್." ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್. ಡಾಕ್ಟರು ಎರಡು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಮನೆಯಲ್ಲಿ "ಗಡ್ಡೆ ಒಳಗೆ ಇಟ್ಕೊಂಡು ಸುಮ್ಮನಿರೋದಾ" ಅಂತ ಗಾಬರಿ. ಕಾಯೋದು ಸರೀನಾ? ಇದು ಪಿಸಿಓಡಿನಾ?

ಸ್ಕ್ಯಾನ್‌ಕೋಣೆ:
ಪಿಸಿಓಡಿ ಅಲ್ಲ. ಅದರಲ್ಲಿ ಕಾಣೋದು 2ರಿಂದ 9 ಮಿ.ಮೀ. ಅಳತೆಯ, ಬೆಳವಣಿಗೆ ಅರ್ಧಕ್ಕೆ ನಿಂತ ಹತ್ತಾರು ಪುಟ್ಟ ಕೋಶಗಳು. ಅವು ಸಾಮಾನ್ಯವಾಗಿ ಈ ಥರ ನೋವು ಕೊಡೋದಿಲ್ಲ.

ನಿಮ್ಮ ತಂಗಿಗೆ ಆಗಿರೋದು ಹೀಗೆ. ಪ್ರತಿ ತಿಂಗಳು ಒಂದು ಕೋಶ ಸುಮಾರು 2 ಸೆಂ.ಮೀ. ವರೆಗೆ ಬೆಳೆದು, ಒಡೆದು, ಅಂಡಾಣು ಹೊರಗೆ ಬರುತ್ತೆ. ಉಳಿದ ಚಿಪ್ಪು ಕಾರ್ಪಸ್ ಲೂಟಿಯಮ್ ಆಗುತ್ತೆ. ಅದರ ಗೋಡೆಯಲ್ಲಿ ಹೊಸ ರಕ್ತನಾಳಗಳು ತುಂಬಿರುತ್ತವೆ. ಅವುಗಳಲ್ಲಿ ಒಂದು ಸೋರಿದರೆ ರಕ್ತ ಒಳಗೇ ತುಂಬಿ ಹಿಗ್ಗುತ್ತೆ, ಹಿಗ್ಗಿದ್ದಕ್ಕೇ ನೋವು. 22ನೇ ದಿನ ಅನ್ನೋದು ಇದಕ್ಕೆ ಸರಿಯಾಗಿ ಹೊಂದುತ್ತೆ. "ರೆಟಿಕ್ಯುಲರ್" ಅಂದರೆ ಹೆಪ್ಪುಗಟ್ಟಿದ ರಕ್ತದ ಎಳೆಗಳು ಜೇಡರ ಬಲೆಯ ಹಾಗೆ ಕಾಣೋದು. ಆ ಎಳೆಗಳಲ್ಲಿ ರಕ್ತ ಹರಿಯುತ್ತಿಲ್ಲ ಅನ್ನೋದೇ ಈ ರಿಪೋರ್ಟಿನ ಅತಿ ಮುಖ್ಯ ಸಾಲು. ಗಟ್ಟಿ ಭಾಗದೊಳಗೆ ರಕ್ತ ಹರಿಯುತ್ತಿದ್ದರೆ ಕಥೆಯೇ ಬೇರೆ ಆಗ್ತಿತ್ತು.

ಮುಟ್ಟು ನಿಲ್ಲದ ವಯಸ್ಸಿನಲ್ಲಿ, 5 ಸೆಂ.ಮೀ. ಒಳಗಿನ ಇಂಥ ಸಿಸ್ಟಿಗೆ ಮರು ಸ್ಕ್ಯಾನ್ ಕಡ್ಡಾಯವೂ ಅಲ್ಲ. ಇಲ್ಲಿ ಗಡಿಯಲ್ಲಿದೆ, ನೋವೂ ಇದೆ, ಹಾಗಾಗಿ 6ರಿಂದ 12 ವಾರದೊಳಗೆ ಮಾಡಿಸಿ. ದಿನ ಮಾತ್ರ ನೋಡಿಕೊಳ್ಳಿ: ಮುಟ್ಟಾದ 5ರಿಂದ 10ನೇ ದಿನದೊಳಗೆ ಇರಲಿ. 20ನೇ ದಿನ ಹೋದರೆ ಆ ತಿಂಗಳ ಹೊಸ ಕಾರ್ಪಸ್ ಲೂಟಿಯಮ್ ಕಂಡು "ಸಿಸ್ಟ್ ಹಾಗೇ ಇದೆ" ಅಂತ ತಪ್ಪು ತಿಳಿಯೋ ಸಂಭವ ಇದೆ. ಎಷ್ಟೋ ಆಪರೇಷನ್ ಮಾತುಕತೆ ಶುರುವಾಗೋದೇ ಈ ಗೊಂದಲದಿಂದ.

ಆಗಲೂ ಹಾಗೇ ಇದ್ದರೆ ಎರಡು ಅನುಮಾನ. ಒಂದು ಚಾಕಲೇಟ್ ಸಿಸ್ಟ್ (ಎಂಡೊಮೆಟ್ರಿಯಾಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯೋದರಿಂದ ಆಗೋ, ಹಳೆ ರಕ್ತ ತುಂಬಿದ ಸಿಸ್ಟ್): ಬಲೆ ಇರಲ್ಲ, ಒಳಗೆಲ್ಲ ಒಂದೇ ಸಮ ಮಬ್ಬು, ರಿಪೋರ್ಟಿನಲ್ಲಿ "ಗ್ರೌಂಡ್ ಗ್ಲಾಸ್" ಅಂತ ಬರೀತಾರೆ. ಮುಟ್ಟಿನ ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗಿರುತ್ತೆ. ಇನ್ನೊಂದು ಡರ್ಮಾಯ್ಡ್: ಒಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು. ಇವೆರಡೂ ತಾವಾಗಿ ಕರಗೋದಿಲ್ಲ.

ತುರ್ತುವಾರ್ಡು:
ಕಾಯಿರಿ, ಆದರೆ ಇವನ್ನು ಮನೆಯವರೆಲ್ಲ ತಿಳಿದಿರಲಿ. ಅಂಡಾಶಯ ಭಾರವಾದಾಗ ತನ್ನ ತೊಟ್ಟಿನ ಮೇಲೆ ತಿರುಚಿಕೊಳ್ಳಬಹುದು, ಇದನ್ನೇ ಟಾರ್ಶನ್ ಅನ್ನೋದು. 5 ಸೆಂ.ಮೀ. ದಾಟಿದ ಮೇಲೆ ಅಪಾಯ ಹೆಚ್ಚು, ಬಲಗಡೆ ಹೆಚ್ಚು (ಎಡಗಡೆ ದೊಡ್ಡ ಕರುಳು ಜಾಗ ತುಂಬಿಕೊಂಡಿರುತ್ತೆ). ಒಂದೇ ಕಡೆ ದಿಢೀರನೆ ಹಿಡಿಯೋ ಅಸಾಧ್ಯ ನೋವು, ಜೊತೆಗೆ ವಾಂತಿ ಬಂದರೆ ಗಂಟೆಗಳ ಲೆಕ್ಕ. ಬೇಗ ಬಿಡಿಸಿದರೆ ಅಂಡಾಶಯ ಉಳಿಯುತ್ತೆ. ಕಪ್ಪಗಾಗಿ ಕಂಡಿದ್ದೂ ಎಷ್ಟೋ ಸಲ ಚೇತರಿಸಿಕೊಳ್ಳುತ್ತೆ.

"ಡಾಪ್ಲರಿನಲ್ಲಿ ರಕ್ತ ಹರೀತಿದೆ, ಟಾರ್ಶನ್ ಇಲ್ಲ" ಅಂತ ಅಷ್ಟಕ್ಕೇ ಸಮಾಧಾನ ಪಡಬೇಡಿ. ತಿರುಚಿದಾಗ ಮೊದಲು ಮುಚ್ಚೋದು ತೆಳು ಗೋಡೆಯ ಅಭಿಧಮನಿ. ಅಪಧಮನಿಯಲ್ಲಿ ರಕ್ತ ಒಳಗೆ ಬರ್ತಾನೇ ಇರುತ್ತೆ, ಅಂಡಾಶಯ ಊದಿಕೊಳ್ತಾ ಹೋಗುತ್ತೆ. ಅರ್ಧ ತಿರುಚಿ ತಾನೇ ಬಿಚ್ಚಿಕೊಳ್ಳೋದೂ ಉಂಟು, ಆಗ ನೋವು ಬಂದು ಹೋಗಿ ಮಾಡುತ್ತೆ.

ಸಿಸ್ಟ್ ಒಡೆದರೆ ಬೇರೆ ಥರ: ಚುಚ್ಚಿದ ಹಾಗೆ ನೋವು ಬಂದು ಬಹಳ ಸಲ ಒಂದೆರಡು ದಿನದಲ್ಲಿ ಇಳಿಯುತ್ತೆ. ಆದರೆ ತಲೆ ಸುತ್ತು, ಭುಜದ ತುದಿ ನೋವು, ಮುಖ ಬಿಳಿಚಿಕೊಳ್ಳೋದು, ನಾಡಿ 100 ದಾಟೋದು ಕಂಡರೆ ಒಳಗೆ ರಕ್ತ ಹೋಗ್ತಿದೆ ಅಂತ ತಿಳಿದು ಹೊರಡಿ. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು ಇನ್ನೂ ಬೇಗ ಹೊರಡಬೇಕು. ಹೊರಡುವಾಗ ಏನೂ ತಿನ್ನಿಸಬೇಡಿ, ಕುಡಿಸಬೇಡಿ, ಅರಿವಳಿಕೆ ಬೇಕಾಗಬಹುದು. ಹಳೆಯ ಸ್ಕ್ಯಾನ್ ಕೈಯಲ್ಲಿರಲಿ. ಮುಟ್ಟು ತಡವಾಗಿದ್ದರೆ ಪ್ರೆಗ್ನೆನ್ಸಿ ಟೆಸ್ಟ್ ಮತ್ತೆ ಮಾಡಿಸಿ. ನಾಳದಲ್ಲಿ ನಿಂತ ಗರ್ಭದ ನೋವೂ ಇದೇ ಜಾಗದಲ್ಲಿ ಬರುತ್ತೆ.

ಮಾತ್ರೆಡಬ್ಬಿ:
ನೋವಿಗೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ., 6 ಗಂಟೆಗೊಮ್ಮೆ ಸಾಕು. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತೆ, ಎರಡನ್ನೂ ಕೂಡಿಸಿ ಲೆಕ್ಕ ಇಡಿ. ಮೆಫೆನಾಮಿಕ್ ಆಸಿಡ್ ಹೆಚ್ಚು ಕೆಲಸ ಮಾಡುತ್ತೆ, ಆದರೆ ಊಟವಾದ ಮೇಲೇ ತಗೋಬೇಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಉಬ್ಬಸ ಇದ್ದರೆ ಬೇಡ. ಮಗುವಿಗೆ ಪ್ರಯತ್ನ ಪಡ್ತಿದ್ದರೆ ಡಾಕ್ಟರಿಗೆ ಹೇಳಿಯೇ ತಗೊಳ್ಳಲಿ, ಈ ಗುಂಪಿನ ಮಾತ್ರೆಗಳು ಅಂಡಾಣು ಬಿಡುಗಡೆಗೂ ಅಡ್ಡಿಯಾಗಬಹುದು. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ 15 ನಿಮಿಷ ಇಟ್ಟರೆ ಹಿತವಾಗಿರುತ್ತೆ. ನೋವು ಪೂರ್ತಿ ಇಳಿಯೋವರೆಗೆ ಓಟ, ಜಿಗಿತ, ಲೈಂಗಿಕ ಸಂಪರ್ಕ ಬೇಡ.

ಸಿಸ್ಟ್ ಕರಗಿಸೋಕೆ ಅಂತ ಗರ್ಭನಿರೋಧಕ ಮಾತ್ರೆ ಕೊಡೋ ರೂಢಿ ಇದೆ. ಇರೋ ಸಿಸ್ಟನ್ನು ಅದು ಬೇಗ ಕರಗಿಸೋದಿಲ್ಲ, ಅಷ್ಟು ದಿನ ಕಾದರೂ ಫಲ ಅದೇ. ಹೊಸದು ಹುಟ್ಟದಂತೆ ತಡೆಯೋದಕ್ಕೆ ಮಾತ್ರ ಉಪಯೋಗ.

ಮಲ್ಲಿಗೆಬಳ್ಳಿ:
ತುಂಬಾ ಉಪಕಾರ. ಅಮ್ಮನಿಗೆ 58, ಅವರಿಗೂ 3 ಸೆಂ.ಮೀ. ಸಿಂಪಲ್ ಸಿಸ್ಟ್ ಅಂತ ಬಂದಿದೆ. ಇದೇ ಲೆಕ್ಕಾನಾ? ಇಬ್ಬರಿಗೂ ಸಿಎ-125 (ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ಮಾಡೋ ರಕ್ತಪರೀಕ್ಷೆ) ಮಾಡಿಸಬೇಕಾ?

ಸ್ಕ್ಯಾನ್‌ಕೋಣೆ:
ತಂಗಿಗೆ ಬೇಡ. ಎಂಡೊಮೆಟ್ರಿಯಾಸಿಸ್, ಸೋಂಕು, ಮುಟ್ಟಿನ ದಿನಗಳು, ಎಲ್ಲದರಲ್ಲೂ ಅದು 35 ದಾಟಬಹುದು. ಸುಮ್ಮನೆ ನಿದ್ದೆ ಕೆಡುತ್ತೆ.

ಅಮ್ಮನಿಗೆ ಮಾಡಿಸಿ. ಮುಟ್ಟು ನಿಂತ ಮೇಲೆ ಲೆಕ್ಕ ಬೇರೆ. ಕ್ಯಾನ್ಸರ್ ಅನುಮಾನ ಎಷ್ಟು ಅಂತ ಅಳೆಯೋದು ಹೀಗೆ: ಸ್ಕ್ಯಾನ್ ಅಂಕ (0, 1 ಅಥವಾ 3) x 3 (ಮುಟ್ಟು ನಿಂತಿದ್ದಕ್ಕೆ) x ಸಿಎ-125. ಒಳಗೋಡೆಗಳಿಂದ ಹಲವು ಕೋಣೆಯಾಗಿರೋದು, ಗಟ್ಟಿ ಭಾಗ, ಎರಡೂ ಕಡೆ ಇರೋದು, ಹೊಟ್ಟೆಯಲ್ಲಿ ನೀರು, ಬೇರೆ ಕಡೆ ಹರಡಿದ ಗುರುತು: ಒಂದಿದ್ದರೆ ಅಂಕ 1, ಎರಡು ಅಥವಾ ಹೆಚ್ಚಿದ್ದರೆ 3. ಉದಾಹರಣೆಗೆ ಗಟ್ಟಿ ಭಾಗ ಮತ್ತು ಹಲವು ಕೋಣೆ ಇದ್ದು ಸಿಎ-125 40 ಬಂದರೆ 3 x 3 x 40 = 360. 200 ಮುಟ್ಟಿದರೆ ಮೊದಲ ಆಪರೇಷನ್ನೇ ಕ್ಯಾನ್ಸರ್ ತಜ್ಞರ ಕೈಯಲ್ಲಿ ಆಗಬೇಕು, ಬೆಂಗಳೂರಿನ ಕಿದ್ವಾಯಿಯಂಥ ಕಡೆ. ಇದರಲ್ಲಿ ಅಂಥದ್ದೇನೂ ಇಲ್ಲದೆ, ಒಂದೇ ಕೋಣೆಯ ನೀರುಗುಳ್ಳೆಯಾಗಿ, ಸಿಎ-125 ಕೂಡ 35ರೊಳಗಿದ್ದರೆ 4ರಿಂದ 6 ತಿಂಗಳಿಗೆ ಮತ್ತೆ ನೋಡಿದರೆ ಸಾಕು.

ತುರ್ತುವಾರ್ಡು:
ತಂಗಿಗೆ ಮುಂದೆ ಆಪರೇಷನ್ ಅಂತಲೇ ಆದರೆ, ಸಹಿ ಹಾಕೋ ಮುಂಚೆ ಕಾಗದದಲ್ಲಿ ನೋಡಿ: "ಸಿಸ್ಟೆಕ್ಟಮಿ" ಅಂದರೆ ಸಿಸ್ಟ್ ಮಾತ್ರ ತೆಗೆಯೋದು, "ಊಫೊರೆಕ್ಟಮಿ" ಅಂದರೆ ಅಂಡಾಶಯವೇ ಹೋಗುತ್ತೆ. ಚಾಕಲೇಟ್ ಸಿಸ್ಟ್ ಆಗಿದ್ದರೆ ಮೊದಲೇ ಎಎಂಎಚ್ ರಕ್ತಪರೀಕ್ಷೆ (ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿದೆ ಅನ್ನೋದರ ಅಂದಾಜು) ಕೇಳಿ, ಆ ಆಪರೇಷನ್ನಿನಲ್ಲಿ ಸಿಸ್ಟಿನ ಜೊತೆ ಒಂದಷ್ಟು ಅಂಡಾಣುಗಳೂ ಹೋಗುತ್ತವೆ.