ಮೊದಲ ಪುಟ್ಟ ಗೇಮಿಂಗ್ ಪಿಸಿ: ಯಾವ ಭಾಗ ತಗೊಳ್ಳಲಿ? ಕಟ್ಟಿ ಗೊತ್ತಿರುವವರು ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಪಿಜಿ ರೂಮು, ಮೇಜು ಚಿಕ್ಕದು. ತಿಂಗಳಿಗೊಮ್ಮೆ ಹಾಸನಕ್ಕೆ ಬಸ್ಸಲ್ಲಿ ತಗೊಂಡು ಹೋಗೋ ಹಾಗಿರಬೇಕು. 1440ಪಿ ಮಾನಿಟರ್ ಇದೆ, ಅದು ಬಿಟ್ಟು ಒಂದೂವರೆ ಲಕ್ಷದವರೆಗೆ ಹಾಕಬಲ್ಲೆ. ರೈಜೆನ್ 5 7600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡ್ ಅಂದುಕೊಂಡಿದೀನಿ. ಕ್ಯಾಬಿನೆಟ್, ಬೋರ್ಡ್, ಎಸ್‌ಎಂಪಿಎಸ್ (ಎಲ್ಲದಕ್ಕೂ ಕರೆಂಟ್ ಕೊಡೋ ಭಾಗ), ಪ್ರೊಸೆಸರ್ ಕೂಲರ್ ಯಾವುದು ತಗೊಳ್ಳೋದು? ಎಲ್ಲೆಲ್ಲಿ ಕೈ ಕೊಡುತ್ತೆ?

ಮೈಸೂರಿನಿಂದ:
ಪ್ರೊಸೆಸರ್ ಮೊದಲು, ಕ್ಯಾಬಿನೆಟ್ ಕೊನೆಗೆ ಅನ್ನೋದು ದೊಡ್ಡ ಪಿಸಿಯ ಲೆಕ್ಕ. ಸಣ್ಣದರಲ್ಲಿ ಕ್ಯಾಬಿನೆಟ್ಟೇ ಮೊದಲು. ಅದರ ವಿವರಪಟ್ಟಿಯಿಂದ ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ: ಗ್ರಾಫಿಕ್ಸ್ ಕಾರ್ಡಿನ ಉದ್ದ, ಅದರ ದಪ್ಪ, ಅದರ ಎತ್ತರ, ಕೂಲರ್ ಎತ್ತರ. ಉಳಿದ ಭಾಗಗಳೆಲ್ಲ ಆ ಅಳತೆಯೊಳಗೇ ಬರಬೇಕು.

ಮೊದಲ ಸಲ ಕಟ್ಟುವವರಿಗೆ ನಾನು ಹೇಳೋದು ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200 ಕ್ಯಾಬಿನೆಟ್ ಅಥವಾ ಅದರ ಜೋಡಿ ಎನ್‌ಆರ್200ಪಿ. 18.25 ಲೀಟರ್. ಮಿನಿ ಐಟಿಎಕ್ಸ್ ಅಳತೆಯ ಬೋರ್ಡ್ (170 × 170 ಮಿ.ಮೀ.), ಎಸ್‌ಎಫ್‌ಎಕ್ಸ್ ಅನ್ನೋ ಸಣ್ಣ ಅಳತೆಯ ಎಸ್‌ಎಂಪಿಎಸ್ ಹಿಡಿಸುತ್ತೆ. ಕಾರ್ಡ್ 330 ಮಿ.ಮೀ. ಉದ್ದದವರೆಗೆ, ಕೂಲರ್ 155 ಮಿ.ಮೀ. ಎತ್ತರದವರೆಗೆ. ನಾಲ್ಕೂ ಕಡೆಯ ಹೊದಿಕೆ ಕಳಚಿ ಬರುತ್ತೆ, ಕೈ ಒಳಗೆ ಹೋಗುತ್ತೆ. ಕಟ್ಟುವಾಗ ಇದರ ಬೆಲೆ ಗೊತ್ತಾಗುತ್ತೆ.

ಹೆಚ್ಚಿನವರು ಎಡವೋದು ಉದ್ದದಲ್ಲಲ್ಲ, ಕಾರ್ಡಿನ ಎತ್ತರದಲ್ಲಿ. ಎನ್‌ಆರ್200ನಲ್ಲಿ 156 ಮಿ.ಮೀ. ಜಾಗ ಇದೆ, ಆದರೆ ಪವರ್ ಕೇಬಲ್ಲೂ ಅದರೊಳಗೇ ಬರಬೇಕು. ಕಾರ್ಡೇ 140 ಮಿ.ಮೀ. ಇದ್ದರೆ ಕೇಬಲ್ ಬಾಗಲು ಉಳಿಯೋದು 16 ಮಿ.ಮೀ. ಹೊಸ 16 ಪಿನ್ ಕನೆಕ್ಟರ್ ಇದ್ದರೆ ಬುಡದಿಂದ ಮೂರೂವರೆ ಸೆಂ.ಮೀ. ಕೇಬಲ್ ನೆಟ್ಟಗಿರಬೇಕು. ಅಲ್ಲೇ ಮಡಚಿದರೆ ಪಿನ್ನುಗಳು ಸರಿಯಾಗಿ ಕೂರಲ್ಲ, ಒಂದೆರಡು ಪಿನ್ನಿಗೇ ಪೂರ್ತಿ ಕರೆಂಟು ಬಿದ್ದು ಕನೆಕ್ಟರ್ ಕರಗಬಹುದು. ಹಾಗಾಗಿ ಎತ್ತರ 120–125 ಮಿ.ಮೀ. ಒಳಗಿರುವ, ಎರಡು ಫ್ಯಾನಿನ ಕಾರ್ಡ್ ನೋಡಿ. ನೀವು ಹೇಳಿದ 5060 ಟಿಐಯಲ್ಲಿ ಅಂಥವು ಬೇಕಾದಷ್ಟಿವೆ, ಸಾಮಾನ್ಯ 8 ಪಿನ್ ಕನೆಕ್ಟರ್ ಇರುವವೂ ಇವೆ. ತಗೊಳ್ಳೋದಾದರೆ ಕಾರ್ಡಿನ ಮೆಮೊರಿ 16 ಜಿಬಿ ಇರೋದೇ. 1440ಪಿಗೆ 8 ಜಿಬಿ ಈಗಲೇ ಸಾಲದು. ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಕಡಿಮೆ ಬೆಲೆಗೆ ಸಿಕ್ಕರೆ ಯೋಚನೆ ಮಾಡದೆ ಅದನ್ನೇ ತಗೊಳ್ಳಿ.

ದಪ್ಪ ಯಾಕೆ ಮುಖ್ಯ ಅಂದ್ರೆ, ಒಂದು ಸ್ಲಾಟ್ ಅಂದರೆ 20.32 ಮಿ.ಮೀ. ಎರಡು ಸ್ಲಾಟಿನ ಕಾರ್ಡಾದರೆ ಕೆಳಗೆ 25 ಮಿ.ಮೀ. ದಪ್ಪದ 120ರ ಫ್ಯಾನ್ ಎರಡು ಹಾಕಬಹುದು. ಕಾರ್ಡ್ ಇನ್ನೂ ದಪ್ಪಗಿದ್ದರೆ 15 ಮಿ.ಮೀ. ತೆಳು ಫ್ಯಾನೇ ಗತಿ, ಅವು ದುಬಾರಿ, ಸದ್ದೂ ಜಾಸ್ತಿ.

ಕೂಲರ್‌ಗೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಸರಿಯಾಗಿ 155 ಮಿ.ಮೀ. ಕೂರುತ್ತೆ. ಆದರೆ ಇಲ್ಲೊಂದು ಸೂಕ್ಷ್ಮ. ರ‍್ಯಾಮ್ ಎತ್ತರದ್ದಾದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತೆ, ಆಗ 155 ಹೋಗಿ 160 ದಾಟಿ ಪಕ್ಕದ ಹೊದಿಕೆ ಮುಚ್ಚಲ್ಲ. ಲೈಟು ಮಿನುಗುವ 44 ಮಿ.ಮೀ. ರ‍್ಯಾಮ್ ಬಿಟ್ಟು 32–34 ಮಿ.ಮೀ. ಗಿಡ್ಡ ರ‍್ಯಾಮ್ ತಗೊಳ್ಳಿ.

ದಾವಣಗೆರೆಯಿಂದ:
ಬಸ್ಸಿನ ಮಾತು ಇಲ್ಲದಿದ್ದರೆ ನಾನು ಮೈಕ್ರೋ ಎಟಿಎಕ್ಸ್ (ಐಟಿಎಕ್ಸ್‌ಗಿಂತ ದೊಡ್ಡ ಬೋರ್ಡ್) ಅನ್ನುತ್ತಿದ್ದೆ. ಏಸಸ್ ಪ್ರೈಮ್ ಎಪಿ201 ಥರದ ಕ್ಯಾಬಿನೆಟ್ 33 ಲೀಟರ್, ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಹಿಡಿಸುತ್ತದೆ, ಕೂಲರ್ 170 ಮಿ.ಮೀ.ವರೆಗೆ. ಐಟಿಎಕ್ಸ್ ಬೋರ್ಡಿಗೂ ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್‌ಗೂ ಕೊಡುವ ಹೆಚ್ಚುವರಿ ದುಡ್ಡು ಉಳಿದು ಮೇಲಿನ ದರ್ಜೆಯ ಕಾರ್ಡಿಗೆ ಹೋಗುತ್ತದೆ. ಮೇಜಿನ ಮೇಲಿಂದ ಅಲುಗಾಡದ ಪಿಸಿಗೆ ಐಟಿಎಕ್ಸ್ ಕಟ್ಟುವುದು ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ನಿಮಗೆ ಹೊತ್ತೊಯ್ಯುವ ಕೆಲಸ ಇರುವುದರಿಂದ ಒಪ್ಪುತ್ತೇನೆ.

ಬೆಂಗಳೂರಿನಿಂದ:
ತಿಂಗಳಿಗೊಮ್ಮೆ ಬಸ್ಸು ಅಂದರೆ ಸ್ಯಾಂಡ್‌ವಿಚ್ ಮಾದರಿಯನ್ನೂ ಒಮ್ಮೆ ಯೋಚಿಸಿ. ಬೋರ್ಡ್ ಒಂದು ಕಡೆ, ಕಾರ್ಡ್ ಅದರ ಬೆನ್ನಿಗೆ, ಎರಡನ್ನೂ ಜೋಡಿಸಲು ನಡುವೆ ರೈಸರ್ ಕೇಬಲ್. ಲಿಯಾನ್ ಲಿ ಎ4-ಎಚ್2ಒ 11 ಲೀಟರ್, ಫ್ರ್ಯಾಕ್ಟಲ್ ಟೆರ್ರಾ 10.4 ಲೀಟರ್. ಎರಡರಲ್ಲೂ ಕಾರ್ಡ್ 322 ಮಿ.ಮೀ.ವರೆಗೆ. ದೊಡ್ಡ ಬ್ಯಾಕ್‌ಪ್ಯಾಕಿಗೆ ಇವು ಹೋಗುತ್ತವೆ, ಎನ್‌ಆರ್200 ಹೋಗಲ್ಲ.

ಬೆಲೆ ತೆರಬೇಕಾದ್ದು ಕೂಲರ್‌ನಲ್ಲಿ. ಎ4-ಎಚ್2ಒದಲ್ಲಿ ಏರ್ ಕೂಲರ್ 55 ಮಿ.ಮೀ. ಮೀರುವಂತಿಲ್ಲ, ಇಲ್ಲವಾದರೆ 240 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರ್ ಹಾಕಬೇಕು. 7600ಗೆ 47 ಮಿ.ಮೀ. ಎತ್ತರದ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಸಾಕು. 7600ಎಕ್ಸ್‌ಗೆ ಸಾಲದು. ಅದರ ಟಿಡಿಪಿ (ಕಂಪನಿ ಹೇಳೋ ಶಾಖದ ಲೆಕ್ಕ) 105 ವ್ಯಾಟ್, ನಿಜವಾಗಿ 142 ವ್ಯಾಟ್‌ವರೆಗೆ ಎಳೆಯುತ್ತೆ. 7600ರದು 65 ಮತ್ತು 88.

ರೈಸರ್ ವಿಚಾರ ಸ್ಪಷ್ಟವಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಹೊಸಬರು ಕಾರ್ಡೇ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಹೊತ್ಕೊಂಡು ಹೋಗ್ತಾರೆ. 5060 ಟಿಐ ಪಿಸಿಐಇ 5.0 ಕಾರ್ಡು (ಪಿಸಿಐಇ ಅಂದ್ರೆ ಕಾರ್ಡ್ ಮತ್ತು ಬೋರ್ಡ್ ಮಾತಾಡೋ ದಾರಿ, 5.0 ಅದರ ಪೀಳಿಗೆ). ಇಂಥ ಕ್ಯಾಬಿನೆಟ್ ಜೊತೆ ಸಾಮಾನ್ಯವಾಗಿ ಬರೋದು 4.0 ರೈಸರ್. ಬೋರ್ಡೂ 5.0 ಸ್ಲಾಟಿನದ್ದಾದರೆ ಎರಡೂ 5.0 ವೇಗಕ್ಕೆ ಒಪ್ಪಂದ ಮಾಡ್ಕೊಂಡು ಮಧ್ಯದ ಕೇಬಲ್ ತಾಳದೆ ಸ್ಕ್ರೀನ್ ಕಪ್ಪಾಗುತ್ತೆ, ಅಥವಾ ಆಟದ ನಡುವೆ ಕ್ರ್ಯಾಶ್. 7600ರಲ್ಲಿ ಒಳಗೇ ಪುಟ್ಟ ಗ್ರಾಫಿಕ್ಸ್ ಇದೆ. ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿ, ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ, ಕಾರ್ಡ್ ಕೂರೋ ಎಕ್ಸ್16 ಸ್ಲಾಟನ್ನು ಆಟೋದಿಂದ ಜೆನ್ 4ಕ್ಕೆ, ಅಂದ್ರೆ 4.0ಕ್ಕೆ ಬದಲಿಸಿ. ಈ ಒಂದು ಕಾರಣಕ್ಕೇ ಒಳಗಿನ ಗ್ರಾಫಿಕ್ಸ್ ಇಲ್ಲದ 7500ಎಫ್ ಪ್ರೊಸೆಸರನ್ನು ಮೊದಲ ಸಲದವರಿಗೆ ನಾನು ಹೇಳಲ್ಲ.

ಮಂಗಳೂರಿನಿಂದ:
ಬೋರ್ಡ್ ಮತ್ತು ರ‍್ಯಾಮ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಸೇರಿಸುತ್ತೇನೆ.

ಬಿ650 ಚಿಪ್‌ಸೆಟ್ಟಿನ ಐಟಿಎಕ್ಸ್ ಬೋರ್ಡ್ ಸಾಕು. ಎ620 ಆದರೂ 7600 ನಡೆಯುತ್ತದೆ, ಆದರೆ ಮುಂದೆ ಎಂಟು ಕೋರಿನ ಪ್ರೊಸೆಸರ್ ಹಾಕುವ ಆಸೆ ಇದ್ದರೆ ಬಿ650ಯೇ ಸರಿ. ಎಎಂಡಿ ಕಂಪನಿ 7600 ಕೂರುವ ಎಎಂ5 ಸಾಕೆಟ್ಟನ್ನು 2027ರವರೆಗಾದರೂ ಮುಂದುವರಿಸುವುದಾಗಿ ಹೇಳಿದೆ. ಅಗ್ಗ ಎಂದು 8500ಜಿ ಪ್ರೊಸೆಸರ್ ಕಡೆ ಹೋಗಬೇಡಿ. ಅದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು ನಾಲ್ಕೇ ಲೇನ್ (ಡೇಟಾ ಹರಿಯುವ ದಾರಿ), ಒಳ್ಳೆಯ ಕಾರ್ಡ್ ಹಾಕಿಯೂ ಅದರ ವೇಗ ಪೂರ್ತಿ ಸಿಗುವುದಿಲ್ಲ.

ಐಟಿಎಕ್ಸ್ ಬೋರ್ಡಿನಲ್ಲಿ ಫ್ಯಾನ್ ಹೆಡರ್ (ಫ್ಯಾನಿನ ಕೇಬಲ್ ಸಿಕ್ಕಿಸುವ ಪಿನ್ನುಗಳು) ಎರಡೋ ಮೂರೋ ಇರುತ್ತವೆ. ಒಂದೇ ಹೆಡರ್‌ಗೆ ಹಲವು ಫ್ಯಾನ್ ಜೋಡಿಸುವ ಪಿಡಬ್ಲ್ಯೂಎಂ ಸ್ಪ್ಲಿಟರ್ ಒಂದು ತಗೊಳ್ಳಿ, ಆದರೆ ಹೆಡರ್ ಸಾಮಾನ್ಯವಾಗಿ ಕೊಡುವುದು ಒಂದು ಆಂಪಿಯರ್. ಒಂದಕ್ಕೆ ಸೇರಿಸುವ ಎಲ್ಲ ಫ್ಯಾನಿನ ಆಂಪಿಯರ್ ಕೂಡಿಸಿ ನೋಡಿ.

ರ‍್ಯಾಮ್ ಸ್ಲಾಟ್ ಎರಡೇ. ಡಿಡಿಆರ್5 ರ‍್ಯಾಮ್, ವೇಗ 6000, ವಿಳಂಬದ ಅಂಕಿ ಸಿಎಲ್30, 16 ಜಿಬಿಯ ಎರಡು, ಒಂದೇ ಪ್ಯಾಕಿನದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿದೆ, ಕೈಗೆಟುಕದಿದ್ದರೆ 8 ಜಿಬಿಯ ಎರಡು ಹಾಕಬೇಡಿ. ಮುಂದೆ ಎರಡನ್ನೂ ತೆಗೆದು ಮಾರಬೇಕಾಗುತ್ತದೆ. ಈಗ 16ರ ಒಂದು ಹಾಕಿ, ಕೆಲವು ತಿಂಗಳ ಬಳಿಕ ಅದೇ ಮಾದರಿಯ ಇನ್ನೊಂದು. ಅಲ್ಲಿಯವರೆಗೆ ಫ್ರೇಮ್ ಸ್ವಲ್ಪ ಕಡಿಮೆ ಬರುತ್ತದೆ. ಎರಡನ್ನು ಬೇರೆ ಬೇರೆ ಕೊಂಡಾಗ 6000ದಲ್ಲಿ ನಿಲ್ಲದಿದ್ದರೆ 5600ಕ್ಕೆ ಇಳಿಸಬೇಕಾದೀತು. ಎರಡೂ ಸಹಿಸಬಹುದಾದ್ದೇ.

ಕಲಬುರಗಿಯಿಂದ:
ಕರೆಂಟಿನ ಮಾತು ಹೇಳ್ತೀನ್ರಿ. ಲೆಕ್ಕ ಹಿಂಗೈತಿ: ಪ್ರೊಸೆಸರ್ 88 ವ್ಯಾಟ್, 5060 ಟಿಐ 180, ಬೋರ್ಡು, ಎಸ್‌ಎಸ್‌ಡಿ, ಫ್ಯಾನ್ ಎಲ್ಲಾ ಸೇರಿ 50. ಒಟ್ಟು 320ರ ಸುಮಾರು. ಕಾರ್ಡಿಗೆ ಎನ್‌ವಿಡಿಯಾ ಹೇಳೋದು 600 ವ್ಯಾಟಿನ ಎಸ್‌ಎಂಪಿಎಸ್. 650 ಇಲ್ಲಾ 750 ವ್ಯಾಟಿನ ಗೋಲ್ಡ್ ದರ್ಜೆಯ ಎಸ್‌ಎಫ್‌ಎಕ್ಸ್ ತಗೊಳ್ರಿ. ಕಾರ್ಸೇರ್ ಎಸ್‌ಎಫ್ ಸರಣಿ, ಕೂಲರ್ ಮಾಸ್ಟರ್ ವಿ ಎಸ್‌ಎಫ್‌ಎಕ್ಸ್ ಸರಣಿ ನಂಬಬಹುದು. ಒಂದು ಎಸ್‌ಎಂಪಿಎಸ್‌ನ ಕೇಬಲ್ ಇನ್ನೊಂದಕ್ಕ ಹಾಕಬ್ಯಾಡ್ರಿ. ತುದಿ ಒಂದೇ ಥರ ಕಾಣ್ತದ, ಎಸ್‌ಎಂಪಿಎಸ್ ಕಡೆ ಪಿನ್ ಜೋಡಣೆ ಬ್ಯಾರೆ ಇರ್ತದ, ಎಸ್‌ಎಸ್‌ಡಿ ಬೋರ್ಡು ಎರಡೂ ಸುಟ್ಟು ಹೋಗ್ತಾವ.

ಯುಪಿಎಸ್ ಬಗ್ಗೆ ಭಾಳ ಮಂದಿ ತಪ್ಪು ತಿಳ್ಕೊಂಡಾರ. 600 ವಿಎ ಅಂದ್ರ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360. ಆಟ ಆಡೋ ಹೊತ್ತಿಗೆ ಪಿಸಿ, ಮಾನಿಟರ್ ಸೇರಿ ಅಷ್ಟ ಆಗ್ತದ, ಕರೆಂಟ್ ಹೋದ ಕೂಡ್ಲೇ ಯುಪಿಎಸ್ಸೂ ಮಲಗ್ತದ. 600 ವ್ಯಾಟ್ ಅಂತ ಬರೆದಿರೋ 1000–1100 ವಿಎದ್ದು ಬೇಕು. ಅಗ್ಗದ ಯುಪಿಎಸ್ ಕೊಡೋದು ಸೈನ್ ಅಲೆ ಅಲ್ಲ, ಮೆಟ್ಟಿಲು ಮೆಟ್ಟಿಲು ಅಲೆ. ಒಳ್ಳೆ ಎಸ್‌ಎಂಪಿಎಸ್‌ನಾಗ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯೋದನ್ನ ಹದ ಮಾಡೋ ಸರ್ಕ್ಯೂಟ್) ಇರೋದ್ರಿಂದ ಕೆಲವೊಮ್ಮೆ ಆ ಅಲೆ ಸೇರಂಗಿಲ್ಲ, ಬದಲಾಗೋ ಕ್ಷಣಕ್ಕ ಪಿಸಿ ಆಫ್. ಪ್ಯೂರ್ ಸೈನ್ ಸಿಕ್ಕರ ಉತ್ತಮ.

ಪಿಜಿ ರೂಮಿನ ಪ್ಲಗ್ಗಿಗೆ ಅರ್ಥಿಂಗ್ ಐತೇನು ಮೊದಲು ನೋಡ್ರಿ. ಇಲ್ಲದಿದ್ರ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂತದ. ಅದು ಎಸ್‌ಎಂಪಿಎಸ್ ಕೆಟ್ಟದ್ದಲ್ಲ, ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ ಸೋರೋ ಕರೆಂಟಿಗೆ ಹೋಗಾಕ ದಾರಿ ಇಲ್ಲ, ಅಷ್ಟ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸ್ರಿ. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸುಮ್ಮನಾಗಬ್ಯಾಡ್ರಿ.

ಬಿಸಿಲಿನ ಲೆಕ್ಕ: ರೂಮು ಹತ್ತು ಡಿಗ್ರಿ ಏರಿದ್ರ ಒಳಗಿನ ಭಾಗಾನೂ ಹೆಚ್ಚುಕಮ್ಮಿ ಹತ್ತು ಏರ್ತಾವ. ಬೆಂಗಳೂರಾಗ 25 ಡಿಗ್ರಿ ರೂಮಿನಾಗ 70 ತೋರಿಸೋ ಕಾರ್ಡು ನಮ್ಮ ಕಡೆ ಮೇ ತಿಂಗಳದಾಗ 85ರ ಹತ್ರ ಇರ್ತದ. ನಿಮಗ ಅಷ್ಟು ಚಿಂತಿ ಇಲ್ಲ. ಆದ್ರ 10 ಲೀಟರಿನದು ತಗೊಂಡ್ರ ಬಯೋಸ್‌ನಾಗ ಇಕೋ ಮೋಡ್ (ಪ್ರೊಸೆಸರ್ ಕಮ್ಮಿ ಕರೆಂಟ್ ಎಳೆಯೋ ಸೆಟ್ಟಿಂಗ್) ಹಾಕ್ರಿ, ಕಾರ್ಡಿನ ಪವರ್ ಲಿಮಿಟ್ 90 ಪರ್ಸೆಂಟಿಗೆ ಇಳಿಸ್ರಿ. ಆಟದಾಗ ಫರಕ್ ಗೊತ್ತಾಗಂಗಿಲ್ಲ, ಸದ್ದು ಇಳೀತದ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಎನ್‌ಆರ್200 ಅಂತಲೇ ತೀರ್ಮಾನ ಮಾಡಿದೆ, ರೈಸರ್ ತಲೆನೋವು ಬೇಡ. ಇಲ್ಲೇ ಕಂಪ್ಯೂಟರ್ ಅಂಗಡಿಗಳಿರೋ ಎಸ್.ಪಿ. ರೋಡಲ್ಲಿ ತಗೊಳ್ಳೋಣ ಅಂತಿದೀನಿ. ಕಟ್ಟೋ ಕ್ರಮ ಹೇಗೆ? ಬಸ್ಸಲ್ಲಿ ಕಾರ್ಡ್ ಒಳಗೇ ಇರಬಹುದಾ?

ಮೈಸೂರಿನಿಂದ:
ಕೊಳ್ಳುವಾಗ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬದ ಮೇಲಿನದ್ದಕ್ಕೆ ಹೊಂದಿಸಿ ನೋಡಿ. ಬೋರ್ಡಿನಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ (ಪಿಸಿ ಆನ್ ಆಗದಿದ್ದರೂ ಪೆನ್‌ಡ್ರೈವ್‌ನಿಂದ ಬಯೋಸ್ ಅಪ್‌ಡೇಟ್ ಮಾಡೋದು) ಇದ್ದರೆ ಒಳ್ಳೇದು.

ಕ್ಯಾಬಿನೆಟ್ಟಿಗೆ ಇಳಿಸುವ ಮುಂಚೆ ಬೋರ್ಡನ್ನು ಅದರದೇ ರಟ್ಟಿನ ಡಬ್ಬದ ಮೇಲಿಟ್ಟು ಕೆಲಸ ಶುರು ಮಾಡಿ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ. ಐಟಿಎಕ್ಸ್ ಬೋರ್ಡಿನಲ್ಲಿ ಎಸ್‌ಎಸ್‌ಡಿ ಕೂರುವ ಎರಡನೇ ಎಂ.2 ಸ್ಲಾಟ್ ಹೆಚ್ಚಾಗಿ ಬೆನ್ನ ಕಡೆ ಇರುತ್ತೆ, ಒಳಗೆ ಕೂರಿಸಿದ ಮೇಲೆ ಕೈ ಸಿಗಲ್ಲ. ಎರಡು ಎಸ್‌ಎಸ್‌ಡಿ ಹಾಕುವುದಿದ್ದರೆ ಈಗಲೇ. ಆಟಗಳಿರುವ, ಹೆಚ್ಚು ಬಿಸಿಯಾಗುವ ಎಸ್‌ಎಸ್‌ಡಿ ಮುಂದಿನ ಹೀಟ್‌ಸಿಂಕ್ ಇರುವ ಸ್ಲಾಟಿಗೆ. ಆಮೇಲೆ ಪ್ರೊಸೆಸರ್ ಮೇಲೆ ಥರ್ಮಲ್ ಪೇಸ್ಟ್ ಹಚ್ಚಿ ಕೂಲರ್. ಅದರ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ಸ್ಕ್ರೂಗಳನ್ನು ಒಂದು ಕಡೆ ಪೂರ್ತಿ ಬಿಗಿಯದೆ ಎರಡಕ್ಕೂ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ.

ಹಾಗೇ ಹೊರಗಿಟ್ಟೇ ಒಮ್ಮೆ ಆನ್ ಮಾಡಿ, ಕಾರ್ಡ್ ಬೇಡ, ಬೋರ್ಡಿನ ಎಚ್‌ಡಿಎಂಐ ಸಾಕು. ಡಿಡಿಆರ್5 ಮೊದಲ ಸಲ ತನ್ನನ್ನು ತಾನೇ ಹೊಂದಿಸಿಕೊಳ್ಳಲು ಹಲವು ನಿಮಿಷ ಕಪ್ಪು ಸ್ಕ್ರೀನ್ ತೋರಿಸುತ್ತೆ. ಕೆಟ್ಟಿದೆ ಅಂತ ಆಫ್ ಮಾಡಬೇಡಿ, ಹತ್ತು ಹದಿನೈದು ನಿಮಿಷ ಬಿಡಿ. ಬಯೋಸ್ ಬಂದ ಮೇಲೆ ಮೊದಲು ಬಯೋಸ್ ಅಪ್‌ಡೇಟ್, ನಂತರವೇ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್). 2023ರಲ್ಲಿ ಎಎಂ5 ಪ್ರೊಸೆಸರ್‌ಗಳು ಸುಟ್ಟ ಮೇಲೆ ಎಸ್‌ಒಸಿ (ಪ್ರೊಸೆಸರ್ ಒಳಗಿನ ಒಂದು ಭಾಗ) ವೋಲ್ಟೇಜ್ 1.3 ವೋಲ್ಟ್ ಮೀರದಂತೆ ಮಿತಿ ಹಾಕಿದ್ದು ಹೊಸ ಬಯೋಸ್‌ನಲ್ಲೇ. ಅಂಗಡಿಯಲ್ಲಿ ಬಹಳ ದಿನ ಕೂತ ಬೋರ್ಡಾದರೆ ಇದು ಇಲ್ಲದಿರಬಹುದು.

ಇದೆಲ್ಲ ಸರಿಯಾದ ಮೇಲೆ ಒಳಗಿಳಿಸಿ. ಮೊದಲು ಪ್ರೊಸೆಸರ್‌ನ 8 ಪಿನ್ ಕೇಬಲ್ ಹಾಕಿ, ಆಮೇಲೆ ಅಲ್ಲಿಗೆ ಬೆರಳು ಹೋಗಲ್ಲ. ಮುಂದಿನ ಯುಎಸ್‌ಬಿಯ ದಪ್ಪ ಕೇಬಲ್ಲನ್ನು ನೇರವಾಗಿ ಒತ್ತಿ, ಓರೆಯಾದರೆ ಬೋರ್ಡಿನ ಪಿನ್ ಬಾಗುತ್ತೆ. ಕಾರ್ಡ್ ಎಲ್ಲಕ್ಕಿಂತ ಕೊನೆಗೆ. ಮಾನಿಟರ್ ಕೇಬಲ್ ಈಗ ಕಾರ್ಡಿಗೆ, ಬೋರ್ಡಿಗಲ್ಲ. ವೈಫೈ ಆಂಟೆನಾ ತಿರುಗಿಸಿ ಹಾಕೋದು ಮರೆತರೆ ಸಿಗ್ನಲ್ ಒಂದೇ ಕಡ್ಡಿ ಬರುತ್ತೆ.

ಪ್ರೊಸೆಸರ್ 95 ಡಿಗ್ರಿ ಮುಟ್ಟಿದರೆ ಗಾಬರಿ ಬೇಡ, 7600 ಅಲ್ಲಿಗೆ ಬಂದು ತಾನೇ ವೇಗ ಇಳಿಸಿಕೊಳ್ಳುತ್ತೆ. ಆದರೆ ನೀವು ಹಾಕುವ ಕೂಲರ್‌ನಲ್ಲಿ ಆಟದ ಹೊತ್ತಿಗೆ 95 ಬಂದರೆ ಕೂಲರ್ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ. ಬಿಚ್ಚಿ ಪೇಸ್ಟ್ ಹರಡಿರುವುದನ್ನು ನೋಡಿ.

ಬೆಂಗಳೂರಿನಿಂದ:
ಬಸ್ಸಿನ ಪ್ರಶ್ನೆಗೆ: ಕಾರ್ಡ್ ಬಿಚ್ಚಿ ಅದರ ಡಬ್ಬದಲ್ಲಿ ಬೇರೆಯಾಗಿ ತಗೊಳ್ಳಿ. ಎರಡು ಸ್ಕ್ರೂ, ಒಂದು ಲ್ಯಾಚ್, ಐದು ನಿಮಿಷದ ಕೆಲಸ. ಒಳಗೇ ಬಿಟ್ಟರೆ ಹಂಪ್ ಹಾರಿದಾಗಲೆಲ್ಲ ಕಾರ್ಡಿನ ಭಾರ ಸ್ಲಾಟಿನ ಮೇಲೆ ಬೀಳುತ್ತೆ. ಪೀರ್‌ಲೆಸ್ ಅಸಾಸಿನ್ನೂ ಮುಕ್ಕಾಲು ಕೆ.ಜಿ.ಗೆ ಹತ್ತಿರ ತೂಗುತ್ತೆ. ಬೋರ್ಡು ಕೆಳಗಾಗಿ ಕೂಲರ್ ನೆಟ್ಟಗೆ ನಿಲ್ಲೋ ಹಾಗೆ ಕ್ಯಾಬಿನೆಟ್ಟನ್ನು ಮಲಗಿಸಿ, ಕಾಲ ಬಳಿ ಇಟ್ಟುಕೊಳ್ಳಿ. ಲಗೇಜ್ ಡಿಕ್ಕಿಗೆ ಹಾಕಬೇಡಿ. ಊರು ತಲುಪಿದ ಮೇಲೆ ಕಾರ್ಡ್ ಹಾಕುವಾಗ ಲ್ಯಾಚ್ ಟಕ್ ಅಂತ ಕೂತಿತಾ, ಪವರ್ ಕನೆಕ್ಟರ್ ಪೂರ್ತಿ ಒಳಗೆ ಹೋಯಿತಾ ನೋಡಿಯೇ ಸ್ವಿಚ್ ಹಾಕಿ.