ಅಪ್ಪನಿಗೆ ರೆಕಾರ್ಡರ್: ಯಾವುದು ಕೊಳ್ಳಲಿ, ಹೇಗೆ ಕಲಿಸಲಿ?

ಕೋರಿಕೆ, ಉಡುಪಿಯಿಂದ

ನನ್ನ ತಂದೆಗೆ 68 ವರ್ಷ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಎರಡು ವರ್ಷವಾಯಿತು. ಆಟಿ (ತುಳುನಾಡಿನ ನಡು ಮಳೆಗಾಲದ ತಿಂಗಳು) ಬಂತೆಂದರೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಬರೇ ಹಾಡು, ಮಾತಿನ ಯಕ್ಷಗಾನ) ಎಲ್ಲಿದ್ದರೂ ಹುಡುಕಿಕೊಂಡು ಹೋಗುವವರು, ಈಗಲೂ ಹೋಗುತ್ತಾರೆ. ಕೇಳಿದ್ದನ್ನು ಮನೆಯಲ್ಲಿ ಇನ್ನೊಮ್ಮೆ ಕೇಳಬೇಕೆಂಬುದು ಅವರ ಆಸೆ. ಮೊಬೈಲಿನ ನುಣುಪು ಗಾಜು ಅವರ ಕೈಗೆ ಒಗ್ಗುತ್ತಿಲ್ಲ. ಎಲ್ಲೋ ಮುಟ್ಟಿ ಯಾರಿಗೋ ಕರೆ ಹೋಗುತ್ತದೆ. ಅಂಧರಿಗೆಂದೇ ತಯಾರಾದ ರೆಕಾರ್ಡರ್‌ಗಳಿವೆಯಂತೆ. ಬಳಸುವವರು ತಿಳಿಸಿ: ಅಷ್ಟು ಹಣ ಕೊಟ್ಟು ಕೊಳ್ಳಬಹುದೇ? ಈ ವಯಸ್ಸಿನಲ್ಲಿ ಕಲಿಯಲು ಆದೀತೇ?

ಮಂಗಳೂರು, ಕದ್ರಿಯಿಂದ

ಆಗುತ್ತದೆ. ನಾನು ಹುಟ್ಟು ಅಂಧನಲ್ಲ, 41ರಲ್ಲಿ ಕಣ್ಣು ಹೋಯಿತು. ಆ ಮೇಲೆ ಕಲಿತದ್ದೇ ಇದು.

ನನ್ನ ಬಳಿ ಇರುವುದು ವಿಕ್ಟರ್ ರೀಡರ್ ಸ್ಟ್ರೀಮ್. ಕೆನಡಾದ ಹ್ಯೂಮನ್‌ವೇರ್ ಕಂಪನಿಯದು. ಮೊದಲ ಮಾದರಿ 2007ರಲ್ಲಿ ಬಂತು, ಎರಡನೆಯದು 2013ರಲ್ಲಿ, ಮೂರನೆಯದು 2023ರಲ್ಲಿ. ನನ್ನದು ಎರಡನೆಯದು, ಅಂಗಿಯ ಜೇಬಿನಲ್ಲಿ ಕೂರುತ್ತದೆ. ಹಳೆಯ ದೂರವಾಣಿಯ ಹಾಗೆ ಅಂಕಿಗಳ ಗುಂಡಿ, ಐದರ ಮೇಲೆ ಒಂದು ಉಬ್ಬು ಚುಕ್ಕೆ. ಹೆಬ್ಬೆರಳಿಗೆ ಆ ಚುಕ್ಕೆ ಸಿಕ್ಕಿತೆಂದರೆ ಉಳಿದ ಗುಂಡಿಗಳೆಲ್ಲ ಅದರ ನೆರೆಹೊರೆ. ರೆಕಾರ್ಡ್ ಗುಂಡಿ ಮಾತ್ರ ಈ ಗುಂಪಿನಲ್ಲಿಲ್ಲ, ಬದಿಯಲ್ಲಿದೆ. ಸೊನ್ನೆ ಒತ್ತಿದರೆ ಬ್ಯಾಟರಿ ಎಷ್ಟಿದೆ, ಕಾರ್ಡಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಬಾಯಿಬಿಟ್ಟು ಹೇಳುತ್ತದೆ. ಹೇಳುವುದು ಇಂಗ್ಲಿಷಿನಲ್ಲಿ. ನಿಮ್ಮ ತಂದೆಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಚಿಂತೆಯಿಲ್ಲ, ಕೆಲಸಕ್ಕೆ ಬೇಕಾಗುವ ಮಾತುಗಳು ಹದಿನೈದು ಇಪ್ಪತ್ತು ಮೀರುವುದಿಲ್ಲ.

ಇನ್ನು ನನ್ನ ಪೆದ್ದುತನದ ಕಥೆ. ಕೊಂಡ ವರ್ಷವೇ ಒಂದು ದೇವಸ್ಥಾನದ ಚಾವಡಿಯಲ್ಲಿ ರಾಮ–ವಾಲಿಯರ ವಾದ. ಭಾಗವತರು ಪದ ಎತ್ತುವ ಮೊದಲೇ ಗುಂಡಿ ಒತ್ತಿ, ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಬಾಣ ತಾಗಿ ಬಿದ್ದ ವಾಲಿ ‘ಮರೆಯಲ್ಲಿ ನಿಂತು ಹೊಡೆದೆಯಲ್ಲ’ ಎಂದು ಕೇಳತೊಡಗಿದ ಮೇಲೆ ನನಗೆ ಯಂತ್ರದ ನೆನಪೂ ಇರಲಿಲ್ಲ, ತೊಡೆಯ ನೆನಪೂ ಇರಲಿಲ್ಲ. ಮನೆಗೆ ಬಂದು ಕೇಳಿದರೆ ಹನ್ನೊಂದು ನಿಮಿಷ. ಪಕ್ಕದವರು ಚಹಾದ ಲೋಟ ದಾಟಿಸುವಾಗ ನನ್ನ ಕೈ ಯಾವುದೋ ಗುಂಡಿಗೆ ತಾಗಿ ಮುದ್ರಣ ಅಲ್ಲಿಗೇ ನಿಂತಿತ್ತು. ರಾಮನ ಸಮರ್ಥನೆ ಒಂದಕ್ಷರವೂ ಇಲ್ಲ. ವಾಲಿಗಿಂತ ಹೆಚ್ಚು ನೊಂದವನು ಆ ರಾತ್ರಿ ನಾನು.

ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ಶುರು ಮಾಡಿದ ಕೂಡಲೇ ತೇದಿ, ಊರು, ಪ್ರಸಂಗ, ಯಾರ ಅರ್ಥ (ಪಾತ್ರದ ಮಾತು) ಎಂದು ಮೆಲ್ಲನೆ ನಾನೇ ಹೇಳುತ್ತೇನೆ. ಇಲ್ಲವಾದರೆ ಆರು ತಿಂಗಳ ಬಳಿಕ ಕಾರ್ಡಿನ ತುಂಬ ಬರೇ ಅಂಕಿಗಳ ಹೆಸರು, ಯಾವುದು ಯಾವುದೆಂದು ತಿಳಿಯದು. ಎರಡನೆಯದು, ಗುಂಡಿಗಳ ಬೀಗ ಹಾಕದೆ ಯಂತ್ರವನ್ನು ಕೈಬಿಡುವುದಿಲ್ಲ.

ಕಲಿಸುವಾಗ ಒಂದೇ ದಿನ ಎಲ್ಲವನ್ನೂ ಹೇಳಬೇಡಿ. ಮೊದಲ ವಾರ ಆರಂಭ ಮತ್ತು ನಿಲುಗಡೆ, ಅಷ್ಟೇ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದನ್ನು ಮುದ್ರಿಸಲಿ, ಅಂಗಳದ ಕಾಗೆಯನ್ನು ಮುದ್ರಿಸಲಿ. ಶುರುವಾದಾಗಿನ ಸದ್ದು ಯಾವುದು, ನಿಂತಾಗಿನದು ಯಾವುದು ಎಂದು ಕಿವಿಗೆ ಅಂಟಬೇಕು. ಕಣ್ಣಿದ್ದವರು ಕೆಂಪು ದೀಪ ನೋಡಿ ನಂಬುವುದನ್ನು ನಾವು ಆ ಸದ್ದಿನಲ್ಲಿ ನಂಬಬೇಕು. ಪಕ್ಕದಲ್ಲಿ ಕುಳಿತು ಅವರ ಬೆರಳು ಹಿಡಿದು ನೀವೇ ಒತ್ತಬೇಡಿ. ತಪ್ಪು ಒತ್ತಲಿ ಬಿಡಿ.

ಸುರತ್ಕಲ್‌ನಿಂದ

ಹಣ ದಂಡ ಎಂಬುದು ನನ್ನ ಅಭಿಪ್ರಾಯ. ನಾನೂ ಪೂರ್ಣ ಅಂಧ. ಮೊಬೈಲಿನಲ್ಲಿ, ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿ, ಏರೋಪ್ಲೇನ್ ಮೋಡ್‌ಗೆ ಬದಲಾಯಿಸಿ, ರೆಕಾರ್ಡರ್ ಆ್ಯಪನ್ನು ಮೊದಲ ಪರದೆಯ ಮೂಲೆಗೆ ತಂದಿಟ್ಟರೆ ಸಾಕು. ಕರೆಯೂ ಬಾರದು, ಹೋಗುವುದೂ ಇಲ್ಲ. ಮುದ್ರಿಸಿದ್ದನ್ನು ಅಲ್ಲಿಂದಲೇ ಗೆಳೆಯರಿಗೆ ಕಳುಹಿಸಬಹುದು. ಇನ್ನೊಂದು ಯಂತ್ರ, ಇನ್ನೊಂದು ಚಾರ್ಜರ್, ಇನ್ನೊಂದು ತಲೆನೋವು ಏಕೆ?

ಕದ್ರಿಯಿಂದ ಮತ್ತೆ

ಕೈಗೆ ಗಾಜು ಒಗ್ಗಿದವರಿಗೆ ನೀವು ಹೇಳುವುದು ಸರಿ. ಆದರೆ ಟಾಕ್‌ಬ್ಯಾಕಿನ ಮಾತೂ ಮುದ್ರಣದೊಳಗೆ ಸೇರಿಕೊಳ್ಳುತ್ತದಲ್ಲ! ಇಯರ್‌ಫೋನ್ ಮರೆತ ದಿನ ಕೃಷ್ಣನ ಸಂಧಾನದ ನಡುವೆ ಅದು ‘ಬ್ಯಾಟರಿ ಹದಿನೈದು ಶೇಕಡಾ’ ಎಂದಿತು. ಕೌರವನ ಕಡೆಯಿಂದ ಬಂದ ಉತ್ತರದಂತೆಯೇ ಇತ್ತು.

ಮಣಿಪಾಲದಿಂದ

ನನಗೆ ಕಣ್ಣು ಕಾಣುತ್ತದೆ. ಅನೇಕ ವರ್ಷಗಳಿಂದ ತಾಳಮದ್ದಳೆ ಮುದ್ರಿಸುತ್ತಿದ್ದೇನೆ. ನನ್ನದು ಒಲಿಂಪಸ್‌ನ ಡಿಎಂ ಸಾಲಿನ ರೆಕಾರ್ಡರ್. ಅಂಧರಿಗಾಗಿಯೇ ಮಾಡಿದ್ದಲ್ಲ, ಆದರೆ ಮೆನುವನ್ನು ಓದಿ ಹೇಳುವ ಧ್ವನಿ ಮಾರ್ಗದರ್ಶನ ಅದರಲ್ಲಿದೆ. ಅಂಧ ಗೆಳೆಯರೊಬ್ಬರು ಅದೇ ಸಾಲಿನ ಇನ್ನೊಂದನ್ನು ನನಗಿಂತ ಚುರುಕಾಗಿ ಬಳಸುತ್ತಾರೆ. ಮುದ್ರಣ ನಡೆಯುತ್ತಿರುವಾಗಲೇ ಇಂಡೆಕ್ಸ್ ಗುಂಡಿ ಒತ್ತಿ ಗುರುತು ಹಾಕುವ ಸೌಲಭ್ಯ ಅವರಿಗೆ ಅಚ್ಚುಮೆಚ್ಚು. ಒಳ್ಳೆಯ ಮಾತು ಬಂದಲ್ಲೆಲ್ಲ ಒತ್ತಿ, ಮನೆಯಲ್ಲಿ ಗುರುತಿನಿಂದ ಗುರುತಿಗೆ ಹಾರುತ್ತಾರೆ.

ಯಂತ್ರ ಯಾವುದೇ ಇರಲಿ, ಮುದ್ರಣ ಕೆಡುವುದು ಇಡುವ ಜಾಗದಲ್ಲಿ. ತಾಳಮದ್ದಳೆಯಲ್ಲಿ ಮದ್ದಳೆಯ ಪೆಟ್ಟು ಒಂದು ಅಳತೆ, ಅರ್ಥಧಾರಿಯ (ಪಾತ್ರವಾಗಿ ಮಾತನಾಡುವವರ) ತಗ್ಗಿದ ಮಾತು ಇನ್ನೊಂದು ಅಳತೆ. ಯಂತ್ರದ ಸ್ವಯಂಚಾಲಿತ ಧ್ವನಿಮಟ್ಟಕ್ಕೆ ಬಿಟ್ಟರೆ ಮಾತು ನಿಂತಾಗ ಫ್ಯಾನಿನ ಗುಂಯ್‌ಗುಟ್ಟುವಿಕೆ ಉಬ್ಬಿ ಬರುತ್ತದೆ, ಮದ್ದಳೆ ಬಿದ್ದೊಡನೆ ಮಾತು ಮುಳುಗುತ್ತದೆ. ಮಟ್ಟವನ್ನು ಕೈಯಾರೆ ತುಸು ತಗ್ಗಿಸಿಟ್ಟುಕೊಳ್ಳಿ. ತಗ್ಗಿದ ಧ್ವನಿಯನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗದು. ತಗ್ಗು ಸ್ವರದ ಗುಂಯ್‌ ಸದ್ದನ್ನು ತಗ್ಗಿಸುವ ಲೋ ಕಟ್ ಇದ್ದರೆ ಹಾಕಿ, ಫ್ಯಾನು ಅರ್ಧ ಅಡಗುತ್ತದೆ. ಯಂತ್ರವನ್ನು ಬರೇ ಮೇಜಿನ ಮೇಲೆ ಇಡಬೇಡಿ. ಬೈರಾಸನ್ನು (ಟವೆಲನ್ನು) ನಾಲ್ಕು ಮಡಿಕೆ ಮಾಡಿ ಅದರ ಮೇಲಿಡಿ. ಹಂಚಿನ ಮಾಡಿನ ಮೇಲೆ ಆಟಿಯ ಮಳೆ ಸುರಿಯತೊಡಗಿದರೆ ಯಾವ ಲೋ ಕಟ್ಟೂ ಉಪಯೋಗಕ್ಕಿಲ್ಲ, ಧ್ವನಿವರ್ಧಕದಿಂದ ದೂರ, ಮಾತನಾಡುವವರ ಹತ್ತಿರ ಜಾಗ ಹಿಡಿಯುವುದೊಂದೇ ದಾರಿ. ಅದಕ್ಕಾಗಿ ಅರ್ಧ ಗಂಟೆ ಮೊದಲು ಹೋಗಬೇಕು. ಹೋದಾಗಲೇ ಸಂಘಟಕರನ್ನೂ ಕಲಾವಿದರನ್ನೂ ಕೇಳಿಬಿಡಿ. ಸ್ವಂತಕ್ಕೆ ಕೇಳಲು, ಯಾರಿಗೂ ಹಂಚುವುದಿಲ್ಲ ಎಂದರೆ ನನಗೆ ಈ ತನಕ ಯಾರೂ ಬೇಡವೆಂದಿಲ್ಲ.

ಲೆಕ್ಕ ಬೇಕಾದವರಿಗೆ: ಮೂರೂವರೆ ಗಂಟೆಯ ಪ್ರಸಂಗ ಸಿಡಿ ಗುಣಮಟ್ಟದ ವೇವ್ ಕಡತವಾದರೆ ಸುಮಾರು 2.2 ಜಿಬಿ, 128 ಕೆಬಿಪಿಎಸ್‌ನ ಎಂಪಿ3 ಆದರೆ ಸುಮಾರು 200 ಎಂಬಿ. 32 ಜಿಬಿ ಕಾರ್ಡಿನಲ್ಲಿ ಮೊದಲನೆಯದು ಹದಿನಾಲ್ಕು ಹಿಡಿದರೆ ಎರಡನೆಯದು ನೂರೈವತ್ತು ಹಿಡಿಯುತ್ತದೆ. ಮಾತು ಕೇಳಲು ಎಂಪಿ3 ಧಾರಾಳ ಸಾಕು.

ಕುಂದಾಪುರದಿಂದ

ನಾನು ಬಳಸುವುದು ಜಪಾನಿನ ಪ್ಲೆಕ್ಸ್‌ಟಾಕ್ ಪಾಕೆಟ್. ಹೇಳಲು ಇರುವುದು ಕಾರ್ಡಿನ ಬಗ್ಗೆ. ದೊಡ್ಡ ಎಸ್‌ಡಿ ಕಾರ್ಡಿನ ಒಂದು ಮೂಲೆ ಕತ್ತರಿಸಿರುತ್ತದೆ, ಉಗುರು ಆಡಿಸಿದರೆ ಯಾವ ಕಡೆಯಿಂದ ತೂರಿಸಬೇಕೆಂದು ತಿಳಿಯುತ್ತದೆ. ಮೈಕ್ರೊ ಕಾರ್ಡ್ ನಮ್ಮಂಥವರಿಗಲ್ಲ. ಒಮ್ಮೆ ನನ್ನ ಬೆರಳಿನಿಂದ ಜಾರಿದ್ದು ಹಲಗೆಯ ಸಂದಿಗೆ ಹೋಗಿ, ಇಡೀ ಒಂದು ಮಳೆಗಾಲದ ಮುದ್ರಣ ಇಂದಿಗೂ ಅಲ್ಲೇ ಇದೆ. ಹಳೆಯ ಯಂತ್ರವಾದರೆ 32 ಜಿಬಿಗಿಂತ ದೊಡ್ಡ ಕಾರ್ಡ್ ಕೊಳ್ಳುವ ಮೊದಲು ಅದು ಓದುತ್ತದೆಯೇ ವಿಚಾರಿಸಿ. ಜೂನ್ ಬಂತೆಂದರೆ ಯಂತ್ರವನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅಕ್ಕಿ ಡಬ್ಬಿ ಬೇಡ, ತೌಡಿನ ಪುಡಿ ಗುಂಡಿಗಳ ಸಂದಿಗೆ ಇಳಿಯುತ್ತದೆ.

ಅಂದ ಹಾಗೆ ಅಂಧರಿಗೆಂದೇ ಮಾಡಿದ ಈ ಯಂತ್ರಗಳು ಡೈಸಿ ಪುಸ್ತಕಗಳನ್ನೂ (ಅಂಧರಿಗಾಗಿ ತಯಾರಿಸುವ ಡಿಜಿಟಲ್ ಪುಸ್ತಕಗಳು) ಓದುತ್ತವೆ. 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯಕ್ಕೆ ಸದಸ್ಯರಾದರೆ ತಾಳಮದ್ದಳೆ ಇಲ್ಲದ ತಿಂಗಳುಗಳಿಗೂ ಯಂತ್ರಕ್ಕೆ ಕೆಲಸ ಸಿಗುತ್ತದೆ. ಅಂಗವಿಕಲರಿಗೆ ಸಾಧನ ಪಡೆಯಲು ನೆರವಾಗುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ಬಗ್ಗೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಉಡುಪಿಯಿಂದ, ಕೋರಿಕೆ ಇಟ್ಟವಳು

ಎಲ್ಲರಿಗೂ ಕೃತಜ್ಞತೆ. ಭಾನುವಾರ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅಪ್ಪನನ್ನು ಕದ್ರಿಗೆ ಕರೆದುಕೊಂಡು ಹೋಗಿದ್ದೆ. ಇಬ್ಬರೂ ಎರಡು ಗಂಟೆ ಕುಳಿತರು. ಯಂತ್ರದ ಮಾತು ಅರ್ಧ ಗಂಟೆ, ಉಳಿದದ್ದು ವಾಲಿಯದು. ಐದರ ಚುಕ್ಕೆ ಅಪ್ಪನಿಗೆ ಮೊದಲ ಯತ್ನಕ್ಕೇ ಸಿಕ್ಕಿತು. ಒಂದು ವಾರ ಇಟ್ಟುಕೊಳ್ಳಿ ಎಂದು ಅವರು ಯಂತ್ರವನ್ನೇ ಕೊಟ್ಟು ಕಳುಹಿಸಿದ್ದಾರೆ. ಹೊರಡುವಾಗ ಅಪ್ಪ ಗಂಟಲು ಸರಿಮಾಡಿಕೊಂಡು ತೇದಿ, ಊರು ಹೇಳಿ ನಾಲ್ಕು ಮಾತು ಮುದ್ರಿಸಿದರು. ನಿಲ್ಲಿಸಿದೆ ಎಂದುಕೊಂಡು ಜೇಬಿಗೆ ಹಾಕಿದರು.

ಈಗ ಕಾರ್ಡಿನಲ್ಲಿ ಒಂದು ಗಂಟೆ ಐವತ್ತು ನಿಮಿಷದ ಕಡತವಿದೆ. ಕಂಡಕ್ಟರನ ಸೀಟಿ, ಪಡುಬಿದ್ರಿಯಲ್ಲಿ ಹತ್ತಿದ ಹೆಂಗಸರ ಜಗಳ, ಅಪ್ಪನ ಗೊರಕೆ ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಅಳಿಸುವುದು ಹೇಗೆಂದು ತಿಳಿಸುವಿರಾ? ಜಗಳದ ಭಾಗ ಮಾತ್ರ ಉಳಿಸಲು ಬರುತ್ತದೆಯೇ ಎಂದು ಅಪ್ಪ ಕೇಳುತ್ತಿದ್ದಾರೆ.